ರತ್ನನ ಹಿಂದೆ ನಿಂತ ಮೇಷ್ಟರು

(ತುಮಕೂರಿನ ಬಟವಾಡಿಯಲ್ಲಿ ಸಾಹಿತ್ಯಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಕವಿಗಿಂತ ಕವಿಯ ಪಾತ್ರವೇ ಹೆಚ್ಚು ಹೆಸರು ಮಾಡಿದ ಉದಾಹರಣೆ ಕನ್ನಡದಲ್ಲಿ ಯಾವುದು ಎಂದು ಕೇಳಿದರೆ ಥಟ್ಟನೆ ನೆನಪಾಗುವವನು ಯೆಂಡ್ಕುಡ್ಕ ರತ್ನ. ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ನವೆಂಬರ್ ತಿಂಗಳ ರಾಜ್ಯೋತ್ಸವದ ವೇದಿಕೆ ಇರಲಿ, ಅವನ ಒಂದು ಪದವಾದರೂ ಬೀಳದೆ ಕಾರ್ಯಕ್ರಮ ಮುಗಿಯುವುದಿಲ್ಲ. ಅತ್ತ ಅಂಗನವಾಡಿಗೆ ಹೋದರೆ ಮೂರು ವರ್ಷದ ಕೂಸುಗಳು ಕೈ ಕಾಲು ಆಡಿಸುತ್ತ ನಾಯಿಮರಿಯ ಪದ್ಯ ಹೇಳುತ್ತಿರುತ್ತವೆ, ತುತ್ತೂರಿಯ ಪದ್ಯ ಹೇಳುತ್ತಿರುತ್ತವೆ. ಕುಡುಕನ ಪದ, ಕೂಸಿನ ಪದ ಎರಡನ್ನೂ ಬರೆದವರು ಒಬ್ಬರೇ ಎಂಬುದು ಎಷ್ಟೋ ಮಂದಿಗೆ ಹೊಳೆಯುವುದೇ ಇಲ್ಲ. ಹೆಂಡ ಮುಟ್ಟದ, ಪಾಲಿ ಭಾಷೆಯ ಬೌದ್ಧ ಗ್ರಂಥಗಳನ್ನು ಓದಿಕೊಂಡಿದ್ದ ಆ ಕನ್ನಡ ಮೇಷ್ಟರ ಹೆಸರು ಜಿ.ಪಿ. ರಾಜರತ್ನಂ.

ಬಟವಾಡಿಯಲ್ಲಿ ಕುಳಿತು ಅವರ ಬಗ್ಗೆ ಮಾತನಾಡುವುದಕ್ಕೆ ಕಾರಣವಿದೆ. ಇಲ್ಲಿನ ಕೃಷಿ ಮಾರುಕಟ್ಟೆ ಪ್ರಾಂಗಣಕ್ಕೆ ಗುಬ್ಬಿ, ಕುಣಿಗಲ್ ಕಡೆಯಿಂದ ಮಾಲು ಹಾಕಿಕೊಂಡು ಬರುವ ರೈತರ ಮಾತನ್ನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಬೇಕು. ‘ಹೇಳು’ ಎನ್ನುವುದು ‘ಯೋಳು’ ಆಗುತ್ತದೆ. ‘ಬಿಡು’ ಎನ್ನುವುದು ‘ಬುಡು’ ಆಗುತ್ತದೆ. ‘ಹೋಗಲಿ’ ‘ಓಗ್ಲಿ’. ಹಳೇ ಮೈಸೂರು ಸೀಮೆಯ ಹಳ್ಳಿಗಳ ಈ ನುಡಿಯನ್ನು ಅದು ಇದ್ದ ಹಾಗೆಯೇ ಎತ್ತಿಕೊಂಡು, ತಿದ್ದದೆ, ಕಾವ್ಯವೆಂದು ಅಚ್ಚು ಹಾಕಿಸಿ ನಗರದ ವಿದ್ಯಾವಂತರ ಮುಂದೆ ಇಟ್ಟವರು ರಾಜರತ್ನಂ. ಅವರು ಅಧ್ಯಾಪಕರಾಗಿ ಕೆಲಸ ಮಾಡಿದ ಊರುಗಳಲ್ಲಿ ಮೈಸೂರು, ಬೆಂಗಳೂರು, ಶಿವಮೊಗ್ಗಗಳ ಜೊತೆಗೆ ತುಮಕೂರೂ ಒಂದು.

ರಾಜರತ್ನಂ ಅವರದು ಮೇಷ್ಟರ ಮನೆತನ. ತಂದೆಯೂ ಉಪಾಧ್ಯಾಯರು. ಕನ್ನಡ ಎಂ.ಎ. ಮಾಡಿ ಹೊರಬಿದ್ದದ್ದು 1931ರಲ್ಲಿ. ಆಗ ಕನ್ನಡ ಎಂ.ಎ. ಎಂದರೆ ನಿರುದ್ಯೋಗಕ್ಕೆ ಇನ್ನೊಂದು ಹೆಸರು. ಕೆಲಸ ಕೇಳಿಕೊಂಡು ಹೋದವರಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತೋರಿಸಿದ್ದು ಸಾಹಿತ್ಯದ ದಾರಿಯನ್ನು. ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತರುವ ಕೆಲಸ ಹೀಗೆ ಶುರುವಾಯಿತು. ಅವರು ಕಟ್ಟಿಕೊಂಡ ಪ್ರಕಟಣ ಸಂಸ್ಥೆಗೆ ‘ಶಾಕ್ಯ ಸಾಹಿತ್ಯ ಮಂಟಪ’ ಎಂದು ಹೆಸರು. ಬುದ್ಧನನ್ನು ಓದುತ್ತಿದ್ದ ಕಾಲದಲ್ಲೇ ಕುಡುಕನನ್ನೂ ಬರೆಯುತ್ತಿದ್ದರು ಎಂಬುದನ್ನು ಕೇಳಿದರೆ ಯಾರಿಗಾದರೂ ಆಶ್ಚರ್ಯವಾಗುತ್ತದೆ. ಅವರಿಗೆ ಅದರಲ್ಲಿ ವಿರೋಧವೇನೂ ಕಂಡಂತಿಲ್ಲ. ಬುದ್ಧನೂ ಪಂಡಿತರ ಸಂಸ್ಕೃತ ಬಿಟ್ಟು ಜನರ ಮಾತಿನಲ್ಲಿ ಬೋಧಿಸಿದವನು ತಾನೇ?

ಅದಕ್ಕೂ ಮೊದಲು ಅವರು ಕೆಲಸ ಮಾಡಿದ್ದು ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಶಿಶುವಿಹಾರದಲ್ಲಿ. ಅವರ ಕಾವ್ಯದ ಗುಟ್ಟು ಇರುವುದೇ ಇಲ್ಲಿ. ಓದಲು ಬಾರದ ಮಕ್ಕಳ ಮುಂದೆ ನಿಂತ ಮೇಷ್ಟರಿಗೆ ಪುಸ್ತಕದಿಂದ ಉಪಯೋಗವಿಲ್ಲ. ಪದ್ಯ ಕಿವಿಯಿಂದಲೇ ಒಳಗೆ ಹೋಗಬೇಕು, ಬಾಯಿಂದಲೇ ಹೊರಗೆ ಬರಬೇಕು. ಅಂಥ ಪದ್ಯ ಸಾಕಷ್ಟು ಸಿಗದಿದ್ದಾಗ ತಾವೇ ಬರೆದರು. ತುತ್ತೂರಿ ಪದ್ಯವನ್ನೇ ನೋಡಿ. ತಗಡಿನ ತುತ್ತೂರಿ ಕೊಂಡ ಹುಡುಗನ ಜಂಬ, ಊದುತ್ತ ನಡೆವಾಗ ತುತ್ತೂರಿ ಕೊಳದ ನೀರಿಗೆ ಜಾರುವುದು, ಅದರ ಸದ್ದು ಕೆಡುವುದು. ಕಥೆ ಇಷ್ಟೆ. ಆದರೆ ಒಂದೊಂದು ಸಾಲಿಗೂ ಒಂದೊಂದು ಅಭಿನಯ ಇದೆ, ಮಗು ಸುಮ್ಮನೆ ನಿಂತು ಅದನ್ನು ಹೇಳುವುದು ಸಾಧ್ಯವೇ ಇಲ್ಲ. ನಾಯಿಮರಿಯ ಪದ್ಯವಂತೂ ಪೂರ್ತಿ ಸಂಭಾಷಣೆ. ಒಂದು ಮಗು ಯಜಮಾನ, ಇನ್ನೊಂದು ಮಗು ನಾಯಿಮರಿ ಆದರೆ ಆಟ ಶುರು. ಇವು ಆಡುವುದಕ್ಕೆಂದೇ ಬರೆದ ಪದ್ಯಗಳು, ಚಿಕ್ಕ ಚಿಕ್ಕ ನಾಟಕಗಳು. ಮಕ್ಕಳ ಪದ್ಯ ಎಂದು ಇವನ್ನು ಪಕ್ಕಕ್ಕೆ ಸರಿಸುವವರು ಇಂಥದೊಂದನ್ನು ಬರೆಯಲು ಕುಳಿತು ನೋಡಲಿ.

ಅದೇ ವಿದ್ಯೆಯನ್ನು ದೊಡ್ಡವರಿಗೆ ಹಚ್ಚಿದಾಗ ಹುಟ್ಟಿದ್ದು ‘ರತ್ನನ ಪದಗಳು’. 1930ರ ದಶಕದ ಮೊದಲ ಭಾಗದಲ್ಲಿ ಇವು ಹೊರಬಂದವು. ಅಚ್ಚು ಹಾಕಿಸಲು ಯಾರೂ ಮುಂದೆ ಬಾರದಾಗ, ಕವಿತೆಗೆ ಬಹುಮಾನವಾಗಿ ಬಂದಿದ್ದ ಚಿನ್ನದ ಪದಕವನ್ನೇ ರಾಜರತ್ನಂ ಹಣ ಮಾಡಿಕೊಂಡರೆಂಬ ಮಾತು ಸಾಹಿತಿಗಳ ನಡುವೆ ಇಂದಿಗೂ ಓಡಾಡುತ್ತದೆ.

ಆ ಕಾಲದ ಕನ್ನಡ ಕಾವ್ಯದ ಸ್ಥಿತಿ ತಿಳಿದರೆ ಈ ಪದಗಳ ಧೈರ್ಯ ಅರ್ಥವಾಗುತ್ತದೆ. ನಮ್ಮಲ್ಲಿ ಕಾವ್ಯ ಎಂದರೆ ನೂರಾರು ವರ್ಷ ಕೇಳುವ ವಸ್ತುವಾಗಿತ್ತು. ಕುಮಾರವ್ಯಾಸನ ಭಾರತವನ್ನು ಗಮಕಿ ಓದುತ್ತಿದ್ದ, ಊರು ಕೇಳುತ್ತಿತ್ತು. ತತ್ವಪದ, ಲಾವಣಿ, ಹರಿಕಥೆ ಎಲ್ಲವೂ ಕಿವಿಯ ಸಾಹಿತ್ಯ. ಇಪ್ಪತ್ತನೆಯ ಶತಮಾನದಲ್ಲಿ ಹೊಸ ಬಗೆಯ ಭಾವಗೀತೆ ಬಂತು. ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಮೂಲಕ ಅದಕ್ಕೆ ದಾರಿ ಮಾಡಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರು ಆ ಸಾಲಿನಲ್ಲಿ ಸೊಗಸಾದ ಒಲವಿನ ಗೀತೆಗಳನ್ನು ಬರೆದರು. ಆ ಕಾವ್ಯ ದೊಡ್ಡದು, ಅನುಮಾನವಿಲ್ಲ. ಆದರೆ ಅದು ಮಾಸಪತ್ರಿಕೆಯಲ್ಲಿ, ಪುಸ್ತಕದಲ್ಲಿ, ಕಾಲೇಜಿನಲ್ಲಿ ಓದಿದವರು ಒಬ್ಬೊಬ್ಬರೇ ಕುಳಿತು ಸವಿಯುವ ಕಾವ್ಯವಾಯಿತು. ಭಾಷೆಯೂ ಓದಿದವರದೇ. ರೈತ, ಕೂಲಿ ಅದರೊಳಗೆ ವರ್ಣನೆಗೆ ಬರುತ್ತಿದ್ದರು. ಅವರ ಬಾಯಿಯ ಮಾತು ಬರುತ್ತಿರಲಿಲ್ಲ. ರಂಗದ ಮೇಲೆ ಟಿ.ಪಿ. ಕೈಲಾಸಂ ಮನೆಯ ಆಡುಮಾತು ತಂದಾಗಿತ್ತು. ಪದ್ಯಕ್ಕೆ ಹೆಂಡದಂಗಡಿಯ ಮಾತು ತಂದವರು ರಾಜರತ್ನಂ.

ಆ ಮಾತಿನಿಂದ ಪದ್ಯಕ್ಕೆ ಆದ ಲಾಭವನ್ನು ಸ್ವಲ್ಪ ವಿವರವಾಗಿ ನೋಡಬೇಕು. ರತ್ನನ ನುಡಿಯಲ್ಲಿ ಮೊದಲಕ್ಷರದ ಹಕಾರವಿಲ್ಲ, ಮಹಾಪ್ರಾಣವಿಲ್ಲ. ಹೆಂಡ ‘ಯೆಂಡ’ವಾಗುತ್ತದೆ, ಹೆಂಡತಿ ‘ಯೆಂಡ್ತಿ’ಯಾಗುತ್ತಾಳೆ, ಭೂಮಿ ‘ಬೂಮಿ’. ‘ಹಾಡು’ ಹೋಗಿ ‘ಆಡು’ ಆದ ಕೂಡಲೇ ಹಾಡುವುದಕ್ಕೂ ಆಡುವುದಕ್ಕೂ ಭೇದವೇ ಅಳಿಸಿಹೋಗುತ್ತದೆ. ಇದು ಪದ್ಯಕ್ಕೆ ಪುಕ್ಕಟೆಯಾಗಿ ಸಿಕ್ಕ ಶ್ಲೇಷೆ. ಶಬ್ದದ ಕೊನೆಯ ಸ್ವರ ನುಂಗಿಹೋಗಿ ‘ಪದಗೋಳ್’ ಎಂದು ವ್ಯಂಜನದಲ್ಲಿ ನಿಲ್ಲುವುದರಿಂದ ಸಾಲಿಗೆ ತಮಟೆಯ ಪೆಟ್ಟಿನಂಥ ಬಿಗಿ ಬರುತ್ತದೆ. ಶಿಷ್ಟ ಕನ್ನಡದಲ್ಲಿ ಅದೇ ಸಾಲು ಬರೆದರೆ ಸಡಿಲಗೊಳ್ಳುತ್ತದೆ. ಪುಸ್ತಕ ತೆರೆದು ಕಣ್ಣಲ್ಲೇ ಓದಲು ಹೊರಟರೆ ಈ ಕಾಗುಣಿತ ತೊಡಕು. ಗಟ್ಟಿಯಾಗಿ ಓದಿದ ತಕ್ಷಣ ಸಲೀಸು. ಓದುಗನನ್ನು ಬಾಯಿ ಬಿಡುವಂತೆ ಮಾಡುವ ಪುಸ್ತಕ ಅದು.

ಇನ್ನು ರತ್ನನ ಸ್ವಭಾವ. ಅವನಿಗೆ ಮೂರು ಪ್ರೀತಿ: ಹೆಂಡ, ಪುಟ್ನಂಜಿ, ಕನ್ನಡ. ದೇವರೇ ಎದುರಿಗೆ ಬಂದು ಕುಡಿತ ಬಿಡು ಎಂದರೆ ಆಗಲಿ ಎನ್ನುತ್ತಾನೆ. ಹೆಂಡತಿಯನ್ನು ಬಿಡು ಎಂದರೆ ಅದಕ್ಕೂ ತಯಾರು. ಕನ್ನಡದ ಪದ ಕಟ್ಟುವುದನ್ನು ಬಿಡು ಎಂದಾಗ ಮಾತ್ರ ದೇವರ ಮೇಲೇ ತಿರುಗಿ ಬೀಳುತ್ತಾನೆ. ಕನ್ನಡದ ಅಭಿಮಾನದ ಗೀತೆಗಳು ಬೇಕಾದಷ್ಟಿವೆ. ಸಾಮಾನ್ಯವಾಗಿ ಅವು ರಾಜರನ್ನೂ ನದಿಗಳನ್ನೂ ಶಿಲ್ಪಗಳನ್ನೂ ಎಣಿಸುತ್ತವೆ. ಇಲ್ಲಿ ಅಭಿಮಾನ ಹೇಳುತ್ತಿರುವವನ ಬಳಿ ಎಣಿಸಲು ಏನೂ ಇಲ್ಲ, ನಾಲಿಗೆಯೊಂದು ಬಿಟ್ಟು. ಆದ್ದರಿಂದಲೇ ಆ ಹಟ ನಾಟುತ್ತದೆ.

ಇದೇ ಹೊತ್ತಿಗೆ ಉತ್ತರದಲ್ಲಿ ಇನ್ನೊಬ್ಬ ಮೇಷ್ಟರು ಇಂಥದೇ ಕೆಲಸ ಮಾಡುತ್ತಿದ್ದರು. ಅಲಹಾಬಾದಿನ ಹರಿವಂಶರಾಯ್ ಬಚ್ಚನ್ ಅವರ ‘ಮಧುಶಾಲಾ’ 1935ರಲ್ಲಿ ಬಂತು. ಅವರೂ ಕುಡಿಯದೆ ಮದ್ಯವನ್ನು ಹಾಡಿದವರು, ಕವಿಸಮ್ಮೇಳನಗಳ ವೇದಿಕೆಯಲ್ಲಿ ಸಾವಿರಾರು ಜನರನ್ನು ಹಿಡಿದು ಕೂರಿಸಿದವರು. ಆದರೆ ಬಚ್ಚನ್ನರ ಮದ್ಯದ ಹಿಂದೆ ಪಾರಸಿಯ ಉಮರ್ ಖಯ್ಯಾಮ್ ಇದ್ದಾನೆ. ಅದು ಬಹುಮಟ್ಟಿಗೆ ಜೀವನದ ಸಂಕೇತ. ಕನ್ನಡದಲ್ಲಿ ಖಯ್ಯಾಮನನ್ನು ಡಿ.ವಿ. ಗುಂಡಪ್ಪನವರು ‘ಉಮರನ ಒಸಗೆ’ಯಾಗಿ ತಂದಿದ್ದರು. ರತ್ನನ ಹೆಂಡ ಸಂಕೇತವಾಗಲು ಒಪ್ಪುವುದಿಲ್ಲ. ಅದಕ್ಕೆ ವಾಸನೆ ಇದೆ, ಮಡಕೆ ಇದೆ, ಕೊಡಬೇಕಾದ ಕಾಸಿದೆ, ಮರುದಿನದ ತಲೆನೋವಿದೆ.

ಪದ ಬರೆದದ್ದು ರಾಜರತ್ನಂ ಅವರ ಕೆಲಸದ ಅರ್ಧ ಭಾಗ. ಉಳಿದ ಅರ್ಧ ಅದನ್ನೂ ಬೇರೆಯವರ ಬರವಣಿಗೆಯನ್ನೂ ಜನರಿಗೆ ಮುಟ್ಟಿಸಿದ್ದು. ತಮ್ಮ ಪದಗಳನ್ನು ಸಭೆಗಳಲ್ಲಿ ತಾವೇ ಹೇಳುತ್ತಿದ್ದರು. ಪುಸ್ತಕದ ಕಟ್ಟು ಹೊತ್ತು ಹೋಗಿ ತಾವೇ ಮಾರುತ್ತಿದ್ದರು. ಕಾಲೇಜಿನ ಅಧ್ಯಾಪಕರೊಬ್ಬರು ಹೀಗೆ ಪುಸ್ತಕ ಮಾರುವುದು ಆ ಕಾಲದಲ್ಲಿ ಗೌರವದ ಕೆಲಸವೆಂದು ಎಲ್ಲರಿಗೂ ತೋರುತ್ತಿರಲಿಲ್ಲ. ಆದರೆ ಬೇರೆ ದಾರಿ ಏನಿತ್ತು? ಸಾವಿರ ಪ್ರತಿ ಅಚ್ಚು ಹಾಕಿಸಿದರೆ ಅದು ಖರ್ಚಾಗಲು ವರ್ಷಗಳು ಹಿಡಿಯುತ್ತಿದ್ದವು. ಜಿಲ್ಲೆಯ ಊರುಗಳಲ್ಲಿ ಪುಸ್ತಕದಂಗಡಿ ಎಂದರೆ ಪಠ್ಯಪುಸ್ತಕ, ಪಂಚಾಂಗ, ನೋಟ್ ಬುಕ್ಕು. ಬರೆದವನೇ ಹೊತ್ತು ತಂದು ಕೊಡದಿದ್ದರೆ ಕವಿತೆ ಬೆಂಗಳೂರಿನ ಮುದ್ರಣಾಲಯದ ಮೂಲೆಯಲ್ಲಿ ಗೆದ್ದಲು ಹಿಡಿಯಬೇಕಿತ್ತು. ತಮ್ಮನ್ನು ಸಾಹಿತ್ಯದ ‘ಪರಿಚಾರಕ’ ಎಂದು ಕರೆದುಕೊಂಡ ಅವರಿಗೆ ಆ ಹೆಸರು ಅಂಟಿಕೊಂಡಿತು. ಪಂಕ್ತಿಯಲ್ಲಿ ಕೂತು ಉಣ್ಣುವವರ ನಡುವೆ ಬಡಿಸುವವನ ಹೆಸರು ಅದು.

ಅವರು ಹೋದಲ್ಲೆಲ್ಲ ವಿದ್ಯಾರ್ಥಿಗಳ ಕರ್ನಾಟಕ ಸಂಘಕ್ಕೆ ಜೀವ ಬರುತ್ತಿತ್ತು. ಎಲ್ಲಕ್ಕಿಂತ ಹೆಸರಾದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ. ಅದರ ಹಿಂದೆ ದೊಡ್ಡ ಪರಂಪರೆ ಇತ್ತು. ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಶುರು ಮಾಡಿದ್ದು ಆ ಸಂಘದಿಂದಲೇ. ರಾಜರತ್ನಂ ಕಾಲದಲ್ಲಿ ಸಂಘವೆಂದರೆ ಹೊಸ ಹುಡುಗರ ಕವಿತೆಯ ಗರಡಿಮನೆ. ಕವನಸ್ಪರ್ಧೆ, ಕಥಾಸ್ಪರ್ಧೆ ನಡೆಸುವುದು, ಬಂದದ್ದನ್ನು ಓದಿ ತಿದ್ದುವುದು, ಚೆನ್ನಾಗಿದ್ದುದನ್ನು ಅಚ್ಚು ಹಾಕಿಸುವುದು, ಅಚ್ಚಾದದ್ದನ್ನು ಮಾರುವುದು. ವಿಜ್ಞಾನದ ವಿದ್ಯಾರ್ಥಿಯೋ ಕಲಾ ವಿದ್ಯಾರ್ಥಿಯೋ ಎಂಬ ಭೇದವಿರಲಿಲ್ಲ. ಭೂವಿಜ್ಞಾನ ಓದುತ್ತಿದ್ದ ಕೆ.ಎಸ್. ನಿಸಾರ್ ಅಹಮದ್ ಹೀಗೆ ಅವರ ಬಳಿಗೆ ಬಂದವರು. ನಿಸಾರರ ಮೊದಲ ಸಂಕಲನ ‘ಮನಸು ಗಾಂಧಿ ಬಜಾರು’ 1960ರಲ್ಲಿ ಪ್ರಕಟವಾಯಿತು. ಗುರುವಿನ ಋಣವನ್ನು ಅವರು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು.

ಈ ಪರಿಚಾರಿಕೆಗೆ ರಾಜರತ್ನಂ ಬೆಲೆ ತೆರಬೇಕಾಯಿತು ಎಂದೇ ಹೇಳಬೇಕು. ಶಿಶುಗೀತೆ, ಬೌದ್ಧ ಮತ್ತು ಜೈನ ಸಾಹಿತ್ಯ, ನಾಟಕ, ವಿಚಾರ, ಹರಟೆ ಎಂದು ರಾಶಿ ರಾಶಿ ಬರೆದರು. ‘ನಾಗನ ಪದಗಳು’ ಬಂತು, ನವಿರು ಕವಿತೆಗಳನ್ನು ಅಣಕಿಸುವ ‘ಪುರುಷ ಸರಸ್ವತಿ’ ಬಂತು. ಇವುಗಳಲ್ಲಿ ಯಾವುದೂ ರತ್ನನನ್ನು ಮೀರಲಿಲ್ಲ. ಬೇರೆಯವರ ಹಸ್ತಪ್ರತಿ ತಿದ್ದುವುದರಲ್ಲಿ, ಪ್ರೂಫು ನೋಡುವುದರಲ್ಲಿ, ಸಭೆ ಸೇರಿಸುವುದರಲ್ಲಿ ಹೋದ ಗಂಟೆಗಳು ಸ್ವಂತ ಕಾವ್ಯಕ್ಕೆ ಸಿಗಲಿಲ್ಲ. ವಿಮರ್ಶಕರೂ ಅಷ್ಟಾಗಿ ಕರುಣೆ ತೋರಲಿಲ್ಲ. ಕುವೆಂಪು, ಬೇಂದ್ರೆ, ಪುತಿನ ಎಂದು ಸಾಲು ಎಣಿಸುವಾಗ ರಾಜರತ್ನಂ ಹೆಸರು ಕೊನೆಗೆ, ‘ಮತ್ತು ಇತರರು’ ಎನ್ನುವುದರ ಸ್ವಲ್ಪ ಮೊದಲು ಬರುತ್ತದೆ. ಜನಪ್ರಿಯನಾದವನು ಗಂಭೀರ ಕವಿ ಇರಲಾರ ಎಂಬ ಅನುಮಾನ ನಮ್ಮ ವಿದ್ವತ್ತಿಗೆ ಹಳೆಯದು.

ಇದಕ್ಕಿಂತ ತೂಕದ ಪ್ರಶ್ನೆ ಒಂದಿದೆ, ಅದನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಅಯ್ಯಂಗಾರ್ ಮನೆತನದ, ಎಂ.ಎ. ಓದಿದ ಮೇಷ್ಟರು ಕೂಲಿಯವನ ಬಾಯಲ್ಲಿ ಮಾತನಾಡಿದಾಗ ಅದು ಅವನಿಗೆ ದನಿ ಕೊಟ್ಟಂತೆಯೋ, ಅವನನ್ನು ಆಡಿಕೊಂಡಂತೆಯೋ? ಹಳ್ಳಿಯ ಮಾತು ಕೇಳಿದೊಡನೆ ಪೇಟೆಯವರಿಗೆ ನಗು ಬರುತ್ತದೆ. ಸಿನಿಮಾದ ಹಾಸ್ಯಪಾತ್ರಗಳು ಆ ನಗುವಿನ ಮೇಲೆಯೇ ಬದುಕಿದವು. ರತ್ನನ ಪದಗಳ ಜನಪ್ರಿಯತೆಯಲ್ಲೂ ಆ ನಗುವಿನ ಪಾಲು ಇಲ್ಲವೆನ್ನಲಾಗದು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ, ಆ ಕೇರಿಯಲ್ಲೇ ಹುಟ್ಟಿದವರು ತಮ್ಮ ಸಿಟ್ಟನ್ನು ತಾವೇ ಹಾಡಿದಾಗ, ರತ್ನನ ಮಿತಿ ಎದ್ದು ಕಂಡಿತು. ರತ್ನ ಬಡತನವನ್ನು ಹೇಳುತ್ತಾನೆ, ಆದರೆ ಯಾರು ತನ್ನನ್ನು ಬಡವನಾಗಿ ಇಟ್ಟಿದ್ದಾರೆಂದು ಕೇಳುವುದಿಲ್ಲ. ಒಂದು ಬುಂಡೆ ಹೆಂಡದಲ್ಲಿ, ಒಂದು ತಮಾಷೆಯಲ್ಲಿ ಅದು ಕರಗಿಹೋಗುತ್ತದೆ.

ಹಾಗೆಂದು ರತ್ನ ಬರೀ ನಗೆಪಾಟಲಿನ ವಸ್ತು ಎಂದರೆ ಅದೂ ಅನ್ಯಾಯ. ಪದಗಳನ್ನು ಸಾಲುಸಾಲಾಗಿ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ನಗೆಗೆ ಗುರಿಯಾಗುವವರು ಬಹುಪಾಲು ಅವನಿಗೆ ಬುದ್ಧಿ ಹೇಳಲು ಬಂದ ದೊಡ್ಡವರೇ. ‘ಮಡಿಕೇರಿ ಮೇಲ್ ಮಂಜು’ ಪದವನ್ನು ಗಮನಿಸಿ. ಅಲ್ಲಿ ಮುಖ್ಯವಾದದ್ದು ಕುಡಿತವಲ್ಲ. ಮುಂಜಾವಿನ ಮಂಜು ಊರನ್ನು ಮುಚ್ಚಿರುವ ನೋಟವನ್ನು ಒಬ್ಬ ಅನಕ್ಷರಸ್ಥ ಕಣ್ಣು ತುಂಬ ನೋಡುತ್ತಿದ್ದಾನೆ, ತನಗೆ ಗೊತ್ತಿರುವ ಮನೆಯ ಬೀದಿಯ ಸಾಮಾನುಗಳನ್ನೇ ತಂದು ಹೋಲಿಸುತ್ತಿದ್ದಾನೆ. ಸಹ್ಯಾದ್ರಿಯ ಚೆಲುವನ್ನು ಸಂಸ್ಕೃತದ ಸಮಾಸಗಳಲ್ಲಿ ಹಿಡಿದ ಕವಿತೆಗಳು ಕನ್ನಡದಲ್ಲಿ ಎಷ್ಟೋ ಇವೆ. ಆ ಚೆಲುವು ಹಕಾರವಿಲ್ಲದ ನಾಲಿಗೆಗೂ ದಕ್ಕುತ್ತದೆ, ಅದಕ್ಕೆ ಬೇಕಾದ ಮಾತೆಲ್ಲ ಸಂತೆಯಲ್ಲೇ ಸಿಗುತ್ತದೆ ಎಂದು ತೋರಿಸಿದ್ದು ಈ ಪದ.

ಬೇಸರದ ಮಾತೆಂದರೆ ಇಂದಿನ ಎಷ್ಟೋ ವೇದಿಕೆಗಳಲ್ಲಿ ಈ ಪದವನ್ನೂ ತೂರಾಡುತ್ತ ಹಾಡುತ್ತಾರೆ. ಹೆಗಲಿಗೆ ಟವೆಲ್ಲು, ಕೈಗೊಂದು ಬಾಟಲಿ, ತೊದಲುವ ನಾಲಿಗೆ. ರಾಜರತ್ನಂ ಬರೆದ ಸಾಲುಗಳಲ್ಲಿ ತೊದಲು ಎಲ್ಲಿದೆ? ‘ಯೋಳು’ ‘ಬುಡು’ ಎನ್ನುವುದು ಅಮಲಿನ ಉಚ್ಚಾರಣೆ ಅಲ್ಲ. ಗುಬ್ಬಿ ಸಂತೆಯಲ್ಲಿ, ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಹೊತ್ತು ಒಂದು ತೊಟ್ಟೂ ಕುಡಿಯದ ಜನ ಆಡುವ ಕನ್ನಡ ಅದು. ಆ ನುಡಿಯನ್ನು ಕುಡುಕನ ನುಡಿ ಎಂದು ಅಭಿನಯಿಸಿದರೆ ಅವಮಾನ ಆಗುವುದು ರತ್ನನಿಗೆ ಮಾತ್ರವಲ್ಲ, ಆ ಮಾತು ಮನೆಯಲ್ಲಿ ಕಲಿತು ಸಭಿಕರ ಸಾಲಿನಲ್ಲಿ ಕುಳಿತ ಮಕ್ಕಳಿಗೂ.

ಒಳ್ಳೆಯ ಗಾಯಕರು ಈ ತಪ್ಪು ಮಾಡಲಿಲ್ಲ. ಮೈಸೂರು ಅನಂತಸ್ವಾಮಿಯವರು ರತ್ನನ ಪದಗಳಿಗೆ ರಾಗ ಹಾಕಿ ಹಾಡಿದಾಗ ಆಡುಮಾತಿನ ಲಯವನ್ನೇ ತಾಳವಾಗಿ ಹಿಡಿದರು. ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡ ಮೇಲೆ ಮಗ ರಾಜು ಅನಂತಸ್ವಾಮಿ ಅದೇ ಪದಗಳನ್ನು ಇನ್ನೊಂದು ತಲೆಮಾರಿಗೆ ಮುಟ್ಟಿಸಿದರು. ರಾಜು 2009ರಲ್ಲಿ ಚಿಕ್ಕ ವಯಸ್ಸಿನಲ್ಲೇ ಹೋದರು. ಇಂದು ಮೊಬೈಲಿನಲ್ಲಿ ರತ್ನನ ಪದ ಹುಡುಕಿದವರಿಗೆ ಸಿಗುವುದು ಹೆಚ್ಚಾಗಿ ಈ ತಂದೆ ಮಕ್ಕಳ ದನಿ. ಪುಸ್ತಕವನ್ನು ಕೈಯಲ್ಲಿ ಹಿಡಿದವರಿಗಿಂತ ಹಾಡಾಗಿ ಕೇಳಿದವರೇ ಹೆಚ್ಚು ಎಂದು ಧೈರ್ಯವಾಗಿ ಹೇಳಬಹುದು.

ರಾಜರತ್ನಂ 1964ರಲ್ಲಿ ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದರು. 1978ರಲ್ಲಿ ದೆಹಲಿಯಲ್ಲಿ ನಡೆದ ಐವತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಜೀವಮಾನವಿಡೀ ಸಭೆಗಳಿಗೆ ಕುರ್ಚಿ ಹಾಕಿಸಿದವರು ರಾಜಧಾನಿಯಲ್ಲಿ ಕನ್ನಡದ ಅತಿ ದೊಡ್ಡ ಕುರ್ಚಿಯಲ್ಲಿ ಕುಳಿತರು. ಅದೇ 1978ರಲ್ಲಿ ಅವರ ಶಿಷ್ಯ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ಟಾಗಿ ಹೊರಬಂದವು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಪುಸ್ತಕದ ಕಟ್ಟು ಹೊರದೆ ಕವಿತೆ ಮನೆಮನೆಗೆ ಹೋಗುವ ದಾರಿ ಅಲ್ಲಿಂದ ತೆರೆಯಿತು. ರಾಜರತ್ನಂ ಮರುವರ್ಷ, 1979ರ ಮಾರ್ಚ್ 13ರಂದು ತೀರಿಕೊಂಡರು.